ಕಣ್ಣು ಒಣಗಿದರೆ ಕೆಂಪಾಗುವುದೇಕೆ?

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರದ ಸುತ್ತಿನ ಹಳ್ಳಿಗಳಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ನೀವು ಹೋದರೆ, ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ಹಗಲಿರುಳೂ ಉರಿಯುತ್ತಿರುವುದನ್ನು ಕಾಣಬಹುದು. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಿಂದ ಆರಂಭಿಸಿ, ಕೆಲವು ದಿನಗಳ ಅವಧಿಯಲ್ಲಿ ಹಂತ ಹಂತವಾಗಿ 70 ಡಿಗ್ರಿಯವರೆಗೆ ಬಿಸಿಯನ್ನು ಏರಿಸಬೇಕು. ಸೌದೆ ಒಲೆಯ ಮುಂದೆ ರಾತ್ರಿಯಿಡೀ ಯಾರಾದರೂ ಕಾಯಲೇಬೇಕು. ಬೆಳಗಾಗುವಾಗ ಅವರ ಕಣ್ಣು ಕೆಂಡದಂತಾಗಿರುತ್ತದೆ. 'ಕಣ್ಣಿಗೆ ಮರಳು ಬಿದ್ದ ಹಾಗಿದೆ', 'ಮೈ ಉಷ್ಣವಾಗಿದೆ' ಎನ್ನುತ್ತಾರೆ. ಬೆಂಗಳೂರಿನ ಹವಾನಿಯಂತ್ರಿತ ಕಚೇರಿಯಲ್ಲಿ ಕಂಪ್ಯೂಟರ್ ಪರದೆಯನ್ನು ದಿಟ್ಟಿಸಿ ಕೂರುವವರ ದೂರೂ ಹೆಚ್ಚುಕಡಿಮೆ ಇದೇ.

ಇಬ್ಬರ ಕಣ್ಣೂ ಒಣಗಿದೆ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಒಂದು ಕ್ಷಣ ಯೋಚಿಸಿ. ಕೆರೆಯ ಮಣ್ಣು ಒಣಗಿದರೆ ಬಿರಿಯುತ್ತದೆ, ಒದ್ದೆ ಬಟ್ಟೆ ಒಣಗಿದರೆ ಬಿರುಸಾಗುತ್ತದೆ. ಎರಡೂ ಕೆಂಪಾಗುವುದಿಲ್ಲ, ಊದಿಕೊಳ್ಳುವುದಿಲ್ಲ, ಉರಿಯುವುದಿಲ್ಲ. ಕಣ್ಣು ಮಾತ್ರ ಏಕೆ ಹಾಗಾಗುತ್ತದೆ? ನೀರಿನ ಕೊರತೆ ಬೆಂಕಿಯಾಗುವುದು ಹೇಗೆ? ಈ ಪ್ರಶ್ನೆಗೆ ತೃಪ್ತಿಕರ ಉತ್ತರ ದೊರೆಯಲು ನೂರು ವರ್ಷ ಹಿಡಿಯಿತು. ಉತ್ತರದಲ್ಲಿ ಅರ್ಧ ಭೌತಶಾಸ್ತ್ರ, ಉಳಿದರ್ಧ ರಕ್ತದ ಬಿಳಿಕಣಗಳ ಕತೆ.

ಮೂರು ಮೈಕ್ರಾನ್ ಕೆರೆ

ಮೊದಲು ಭೌತಶಾಸ್ತ್ರದ ಭಾಗವನ್ನು ನೋಡೋಣ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು ಕಾರ್ನಿಯ ಎನ್ನುತ್ತೇವೆ. ಅದರ ಮೇಲೆ ಹರಡಿರುವ ಕಣ್ಣೀರಿನ ಪೊರೆಯ ದಪ್ಪ ಸುಮಾರು 3 ಮೈಕ್ರಾನ್ ಮಾತ್ರ. ನಮ್ಮ ತಲೆಗೂದಲು ಇದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ. ಈ ಪೊರೆಯ ಅತ್ಯಂತ ಹೊರಗೆ, ಮೈಕ್ರಾನ್‌ನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ದಪ್ಪದ ಎಣ್ಣೆಯ ಪದರ ಇದೆ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಇದನ್ನು ಸ್ರವಿಸುತ್ತವೆ. ಮಳೆ ಬಂದ ರಸ್ತೆಯ ಮೇಲೆ ಪೆಟ್ರೋಲ್ ಚೆಲ್ಲಿದಾಗ ಕಾಣುವ ಬಣ್ಣಗಳಂತೆಯೇ ಈ ಪದರದಿಂದಲೂ ಬೆಳಕಿನ ವ್ಯತಿಕರಣದ ಬಣ್ಣಗಳು ಮೂಡುತ್ತವೆ. ಆ ಬಣ್ಣಗಳನ್ನು ನೋಡಿಯೇ ಎಣ್ಣೆಯ ದಪ್ಪವನ್ನು ಅಂದಾಜು ಮಾಡುತ್ತಾರೆ. ಎಣ್ಣೆಯ ಕೆಳಗೆ ನೀರು, ನೀರಿನೊಂದಿಗೆ ಬೆರೆತು ಕಣ್ಣಿಗೆ ಅಂಟಿಕೊಂಡಿರುವ ಲೋಳೆ. ಲೋಳೆಯನ್ನು ಒದಗಿಸುವುದು ಗಾಬ್ಲೆಟ್ ಎಂಬ ಹೂಜಿಯಾಕಾರದ ಜೀವಕೋಶಗಳು. ಒಂದು ಕಣ್ಣಿನಲ್ಲಿ ಯಾವುದೇ ಕ್ಷಣದಲ್ಲಿರುವ ಒಟ್ಟು ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಔಷಧಿ ಬಾಟಲಿಯಿಂದ ಬೀಳುವ ಒಂದು ತೊಟ್ಟು ಇದರ ಐದಾರು ಪಟ್ಟು ದೊಡ್ಡದು. ಆದ್ದರಿಂದಲೇ ಹಾಕಿದ ಔಷಧಿಯ ಬಹುಪಾಲು ಕೆನ್ನೆಯ ಮೇಲೆ ಹರಿದುಹೋಗುತ್ತದೆ. ಎರಡು ತೊಟ್ಟು ಹಾಕಿದರೆ ಎರಡರಷ್ಟು ಗುಣ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಈ ಕೆರೆಯಿಂದ ನೀರು ಎಷ್ಟು ಬೇಗ ಆವಿಯಾಗುತ್ತದೆ ಎಂಬುದು ಸುತ್ತಲಿನ ಗಾಳಿಯ ಆರ್ದ್ರತೆಯನ್ನು ಅವಲಂಬಿಸಿದೆ. 30 ಡಿಗ್ರಿ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿಯ ಗರಿಷ್ಠ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸ. ಆರ್ದ್ರತೆ ಶೇಕಡ 70 ಇದ್ದರೆ ಕೊರತೆ ಸುಮಾರು 9.5 ಮಿಲಿಮೀಟರ್, ಶೇಕಡ 40ಕ್ಕೆ ಇಳಿದರೆ ಕೊರತೆ 19. ಅಂದರೆ ಉಷ್ಣತೆ ಬದಲಾಗದಿದ್ದರೂ ಒಣಗುವ ಸೆಳೆತ ಇಮ್ಮಡಿಯಾಯಿತು. ಬ್ಯಾರನ್ ಬಾಯಿಯ ಬಿಸಿಗಾಳಿಯಾಗಲಿ ಹವಾನಿಯಂತ್ರಕದ ಒಣಗಾಳಿಯಾಗಲಿ ಮಾಡುವುದು ಇದನ್ನೇ. ಬ್ಯಾರನ್ ಮುಂದೆ ಇದರ ಜೊತೆಗೆ ಸೌದೆ ಹೊಗೆಯೂ ಸೇರುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸರಳ. ಬಹುಕಾಲ ವೈದ್ಯರೂ ಇಷ್ಟಕ್ಕೇ ನಿಂತಿದ್ದರು. 1995ರಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು ಒಣಗಣ್ಣಿಗೆ ಕೊಟ್ಟ ವ್ಯಾಖ್ಯೆಯಲ್ಲಿ ಕಣ್ಣೀರಿನ ಕೊರತೆ ಮತ್ತು ಅತಿಯಾದ ಆವಿಯಾಗುವಿಕೆ ಇವೆರಡೇ ಕಾರಣಗಳಾಗಿ ನಿಂತಿದ್ದವು. ಉರಿಯೂತ ಎಂಬ ಮಾತು ಅದರಲ್ಲಿ ಇರಲಿಲ್ಲ.

ನಮ್ಮ ನಾಡಿನ ಇನ್ನೊಂದು ಒಣಗಣ್ಣು

'ಒಣಗಿದ ಕಣ್ಣು' ಎಂದರೆ ನಮ್ಮ ಹಿಂದಿನ ತಲೆಮಾರಿನ ವೈದ್ಯರಿಗೆ ನೆನಪಾಗುತ್ತಿದ್ದುದು ಬೇರೆಯೇ ಕಾಯಿಲೆ. ಎ ಜೀವಸತ್ವದ ಕೊರತೆಯಿಂದ ಎಳೆಯ ಮಕ್ಕಳ ಕಣ್ಣಿನ ಬಿಳಿಭಾಗ ಕಾಂತಿಗುಂದಿ, ಸುಕ್ಕುಗಟ್ಟಿ, ಅದರ ಮೇಲೆ ಸಾಬೂನು ನೊರೆಯಂಥ ಮಚ್ಚೆ ಕಾಣಿಸಿಕೊಳ್ಳುತ್ತಿತ್ತು. ಫ್ರಾನ್ಸಿನ ವೈದ್ಯ ಪಿಯೇರ್ ಬಿಟೊ 1863ರಲ್ಲಿ ಅದನ್ನು ವಿವರಿಸಿದ್ದರಿಂದ ಅದಕ್ಕೆ ಬಿಟೊ ಮಚ್ಚೆ ಎಂದು ಹೆಸರು. ಇರುಳುಗುರುಡಿನಿಂದ ಆರಂಭವಾಗಿ, ಕೊನೆಗೆ ಕಾರ್ನಿಯ ಕರಗಿ ಮಗು ಶಾಶ್ವತವಾಗಿ ಕುರುಡಾಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳ ಕೆಲಸವನ್ನು ಆಧರಿಸಿ 1970ರಲ್ಲಿ ರಾಷ್ಟ್ರವ್ಯಾಪಿ ಕಾರ್ಯಕ್ರಮವೊಂದು ಆರಂಭವಾಯಿತು: ಆರು ತಿಂಗಳಿಗೊಮ್ಮೆ ಮಗುವಿನ ಬಾಯಿಗೆ 2 ಲಕ್ಷ ಯೂನಿಟ್ ಎ ಜೀವಸತ್ವ. ಆರೋಗ್ಯ ಕಾರ್ಯಕರ್ತೆಯರು ಚಮಚದಲ್ಲಿ ಕುಡಿಸುತ್ತಿದ್ದ ಹಳದಿ ದ್ರವ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮೈಸೂರು ಸಂಸ್ಥಾನದಲ್ಲಿ ನೇತ್ರಚಿಕಿತ್ಸೆಗೆ ದೊಡ್ಡ ಪರಂಪರೆ ಉಂಟು. 1896ರಲ್ಲಿ ಆರಂಭವಾದ ಕಣ್ಣಿನ ಆಸ್ಪತ್ರೆ 1913ರಲ್ಲಿ ಬೆಂಗಳೂರಿನ ಮಿಂಟೊ ಆಸ್ಪತ್ರೆಯ ಕಟ್ಟಡಕ್ಕೆ ಬಂತು. ಆಮೇಲೆ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳಲ್ಲಿ ಪೊರೆ ತೆಗೆದರು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂತು. ಇವೆಲ್ಲದರ ಗುರಿ ಕುರುಡುತನ. ಕಣ್ಣು ಕಾಣುತ್ತದೆ, ಆದರೆ ಉರಿಯುತ್ತದೆ ಎನ್ನುವವರು ಯಾವ ಲೆಕ್ಕದ ಪುಸ್ತಕಕ್ಕೂ ಸೇರಲಿಲ್ಲ. ಅದು ಆ ಕಾಲಕ್ಕೆ ಸರಿಯಾದ ಆದ್ಯತೆಯೇ ಆಗಿತ್ತು ಎಂದು ನಾನು ಒಪ್ಪುತ್ತೇನೆ. ಆದರೆ ಅದರ ಫಲವಾಗಿ ಉರಿಯುವ ಕಣ್ಣು ದೀರ್ಘಕಾಲ ಮನೆಮದ್ದಿನ ಪಾಲಾಯಿತು. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ, ಇಲ್ಲವೇ ಅಂಗಡಿಯವನು ಕೊಟ್ಟ ಯಾವುದೋ ತೊಟ್ಟು.

ಸೋಸುಕಾಗದ ಮತ್ತು ಹತ್ತೊಂಬತ್ತು ಮಹಿಳೆಯರು

ಒಣಗಣ್ಣನ್ನು ಅಳೆಯುವ ಮೊದಲ ಸುಲಭ ಉಪಾಯವನ್ನು ಕೊಟ್ಟವರು ಜರ್ಮನಿಯ ಒಟ್ಟೊ ಶಿರ್ಮರ್, 1903ರಲ್ಲಿ. 5 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದದ ಸೋಸುಕಾಗದದ ತುದಿಯನ್ನು ಮಡಿಸಿ ಕೆಳರೆಪ್ಪೆಯ ಒಳಗೆ ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ದೂರ ಒದ್ದೆಯಾಯಿತೆಂದು ನೋಡುವುದು. ಲೋಮನಾಳದ ಸೆಳೆತದಿಂದ ನಡೆಯುವ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದು ಅಷ್ಟೇನೂ ಕರಾರುವಾಕ್ಕಲ್ಲ. ಕಾಗದ ಚುಚ್ಚಿದ್ದಕ್ಕೇ ಕೆಲವರಿಗೆ ಕಣ್ಣೀರು ಸುರಿಯುತ್ತದೆ! ಆದರೂ ಅದರಷ್ಟು ಅಗ್ಗದ ಉಪಕರಣ ಇನ್ನೊಂದಿಲ್ಲ. ಈ ಕಾಗದದ ಪಟ್ಟಿ ನಮ್ಮ ಕತೆಯಲ್ಲಿ ಮುಂದೆ ಇನ್ನೊಮ್ಮೆ ಬರುತ್ತದೆ.

ಶಿರ್ಮರ್ ಅಳೆದದ್ದು ನೀರನ್ನು. ನೀರಿನ ಹಿಂದೆ ಬೇರೇನೋ ಇದೆ ಎಂಬ ಸುಳಿವು ಸಿಕ್ಕಿದ್ದು ಸ್ವೀಡನ್ನಿನಲ್ಲಿ. ಹೆನ್ರಿಕ್ ಷೆಗ್ರೆನ್ ಎಂಬ ನೇತ್ರವೈದ್ಯರ ಬಳಿಗೆ ಬಂದ ಕೆಲವು ಮಹಿಳೆಯರಲ್ಲಿ ಕಣ್ಣು ಒಣಗಿತ್ತು, ಬಾಯಿಯೂ ಒಣಗಿತ್ತು, ಬಹಳ ಮಂದಿಗೆ ಕೀಲುನೋವು ಇತ್ತು. ಕಣ್ಣಿಗೂ ಕೀಲಿಗೂ ಏನು ಸಂಬಂಧ? ಅಂಥ 19 ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿ ಅವರು 1933ರಲ್ಲಿ ಡಾಕ್ಟರೇಟ್ ಪ್ರೌಢಪ್ರಬಂಧ ಬರೆದರು. ಹಾಳಾದ ಜೀವಕೋಶಗಳನ್ನು ಗುರುತಿಸಲು ಅವರು ಬಳಸಿದ ಕೆಂಪು ಬಣ್ಣದ ಹೆಸರು ರೋಸ್ ಬೆಂಗಾಲ್. ಕಣ್ಣೀರು ಸುರಿಸಬೇಕಾದ ಅಶ್ರುಗ್ರಂಥಿಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಲಿಂಫೊಸೈಟ್ ಎಂಬ ದುಂಡನೆಯ ಬಿಳಿಕಣಗಳು ಗುಂಪುಗುಂಪಾಗಿ ನುಗ್ಗಿದ್ದವು. ಸೋಂಕು ಇಲ್ಲದ ಜಾಗದಲ್ಲಿ ಸೈನಿಕರಿಗೇನು ಕೆಲಸ?

ಪರೀಕ್ಷಕರಿಗೆ ಪ್ರಬಂಧ ಅಷ್ಟಾಗಿ ಹಿಡಿಸಲಿಲ್ಲ. ಸ್ವೀಡನ್ನಿನ ಪದ್ಧತಿಯಂತೆ ವಿಶ್ವವಿದ್ಯಾಲಯದಲ್ಲಿ ಬೋಧಕ ವೃತ್ತಿಗೆ ಬೇಕಾದಷ್ಟು ಉತ್ತಮ ದರ್ಜೆ ಷೆಗ್ರೆನ್ನರಿಗೆ ದೊರೆಯಲಿಲ್ಲ. ಅವರು ಯಾನ್‌ಷಪಿಂಗ್ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರಾಗಿ ದುಡಿದರು. 1943ರಲ್ಲಿ ಆಸ್ಟ್ರೇಲಿಯದ ಬ್ರೂಸ್ ಹ್ಯಾಮಿಲ್ಟನ್ ಅದನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ತಂದ ಮೇಲೆ ಜಗತ್ತಿಗೆ ಅದರ ಬೆಲೆ ಗೊತ್ತಾಯಿತು. ಗೌರವ ಪ್ರಾಧ್ಯಾಪಕ ಪದವಿ ಬಂದದ್ದು 1961ರಲ್ಲಿ. ಪ್ರೌಢಪ್ರಬಂಧಗಳಿಗೆ ಅಂಕ ಕೊಡುವ ಕೆಲಸದಲ್ಲಿರುವ ನಮ್ಮಂಥವರು ಈ ಪ್ರಸಂಗವನ್ನು ಆಗಾಗ್ಗೆ ನೆನೆಯುವುದು ಒಳ್ಳೆಯದು.

ದೇಹದ ರಕ್ಷಣಾಪಡೆ ದೇಹದ ಮೇಲೆಯೇ ಎರಗುವ ಇಂಥ ಕಾಯಿಲೆಗಳನ್ನು ಇಂದು ಸ್ವಪ್ರತಿರಕ್ಷಾ ರೋಗಗಳೆನ್ನುತ್ತೇವೆ. ಷೆಗ್ರೆನ್ ಹೆಸರಿನ ಕಾಯಿಲೆ ಅವುಗಳಲ್ಲಿ ಒಂದು. ಆದರೆ ಅದು ಕೆಲವರಿಗೆ ಮಾತ್ರ ಬರುವಂಥದು. ಬ್ಯಾರನ್ ಕಾಯುವವರ, ಪರದೆ ನೋಡುವವರ, ಮುಟ್ಟು ನಿಂತ ವಯಸ್ಸಿನ ಮಹಿಳೆಯರ ಸಾಮಾನ್ಯ ಒಣಗಣ್ಣಿನಲ್ಲೂ ಬಿಳಿಕಣಗಳ ಕೈವಾಡ ಇರಬಹುದೆಂದು ಆಗ ಯಾರೂ ಗಂಭೀರವಾಗಿ ಯೋಚಿಸಲಿಲ್ಲ.

ಕಾವಲುಗಾರರು

ಬಿಳಿಕಣಗಳ ಕತೆ ಸಮುದ್ರತೀರದಲ್ಲಿ ಆರಂಭವಾಗುತ್ತದೆ. 1882ರಲ್ಲಿ ರಷ್ಯದ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸಿನಾದಲ್ಲಿದ್ದಾಗ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಚಲಿಸುವ ಜೀವಕೋಶಗಳು ಮುತ್ತಿಕೊಂಡಿದ್ದವು. ಉರಿಯೂತವೆಂದರೆ ದೇಹಕ್ಕೆ ತಗಲಿದ ಶಾಪವಲ್ಲ, ದೇಹವೇ ನಡೆಸುವ ಕಾರ್ಯಾಚರಣೆ ಎಂದು ಅವರು ವಾದಿಸಿದರು. 1908ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು. ರೋಮ್‌ನ ಸೆಲ್ಸಸ್ ಒಂದನೆಯ ಶತಮಾನದಲ್ಲೇ ಇದರ ನಾಲ್ಕು ಲಕ್ಷಣಗಳನ್ನು ಪಟ್ಟಿಮಾಡಿದ್ದ: ಕೆಂಪು, ಊತ, ಬಿಸಿ, ನೋವು. ನಮ್ಮ 'ಉರಿಯೂತ' ಎಂಬ ಪದದೊಳಗೇ ಉರಿಯೂ ಇದೆ ಊತವೂ ಇದೆ. 'ಕಣ್ಣಿಗೆ ಉಷ್ಣವಾಗಿದೆ' ಎನ್ನುವ ಹಳ್ಳಿಯ ಮಾತನ್ನು ನಾವು ನಗೆಯಾಡಬೇಕಾಗಿಲ್ಲ. ಕಾರಣ ಬೇರೆಯಿದ್ದರೂ ಲಕ್ಷಣವನ್ನು ಅವರು ಸರಿಯಾಗಿಯೇ ಹಿಡಿದಿದ್ದಾರೆ.

ಈ ಪಡೆಯಲ್ಲಿ ನಮಗೆ ಮುಖ್ಯವಾದದ್ದು ಕವಲುಕೋಶ. ಮರದ ಕೊಂಬೆಗಳಂತೆ ಚಾಚುಗಳಿರುವ ಕೋಶ ಇದು. 1868ರಲ್ಲಿ ಬರ್ಲಿನ್ನಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಪಾಲ್ ಲ್ಯಾಂಗರ್‌ಹಾನ್ಸ್ ಚರ್ಮದಲ್ಲಿ ಇವನ್ನು ಮೊದಲು ಕಂಡು, ನರಕೋಶಗಳೆಂದು ಭಾವಿಸಿದ. ಅವುಗಳ ನಿಜವಾದ ಕೆಲಸ ತಿಳಿದದ್ದು 1973ರ ನಂತರ, ನ್ಯೂಯಾರ್ಕಿನ ರಾಲ್ಫ್ ಸ್ಟೈನ್‌ಮನ್ ನಡೆಸಿದ ಸಂಶೋಧನೆಗಳಿಂದ. ಕವಲುಕೋಶ ತಾನೇ ಹೋರಾಡುವುದಿಲ್ಲ. ಅದು ಬೇಹುಗಾರ. ಕಂಡ ವಸ್ತುವಿನ ತುಣುಕನ್ನು ತನ್ನ ಮೈಮೇಲಿನ ಪ್ರದರ್ಶನ ಫಲಕದಲ್ಲಿ ಅಂಟಿಸಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ-ಕೋಶಗಳಿಗೆ ತೋರಿಸುತ್ತದೆ. ಆಜ್ಞೆ ಹೊರಡುವುದು ಅಲ್ಲಿಂದ. ಸ್ಟೈನ್‌ಮನ್‌ಗೆ 2011ರಲ್ಲಿ ನೊಬೆಲ್ ಘೋಷಣೆಯಾಯಿತು. ಆದರೆ ಅದಕ್ಕೆ ಮೂರು ದಿನ ಮೊದಲು ಅವರು ತೀರಿಕೊಂಡಿದ್ದರು.

ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಅದು ಪಾರದರ್ಶಕವಾಗಿರುತ್ತಿರಲಿಲ್ಲ. ಅದರ ಅಂಚಿನಲ್ಲಿ ಕವಲುಕೋಶಗಳಿದ್ದರೂ ನಡುಭಾಗ ಖಾಲಿ ಎಂದು ಬಹುಕಾಲ ನಂಬಲಾಗಿತ್ತು. 2002ರ ಸುಮಾರಿಗೆ ಅಮೆರಿಕದ ಬಾಸ್ಟನ್ನಿನಲ್ಲಿ ಪೆಡ್ರಮ್ ಹಮ್ರಾ, ರೆಜಾ ಡಾನಾ ಮತ್ತು ಸಂಗಡಿಗರು ಇಲಿಯ ಕಾರ್ನಿಯದ ನಡುವಿನಲ್ಲೂ ಕವಲುಕೋಶಗಳಿವೆ ಎಂದು ತೋರಿಸಿದರು. ಅಷ್ಟು ದಿನ ಅವು ಕಾಣದಿದ್ದುದೇಕೆ? ಸಂಶೋಧಕರು ಹುಡುಕುತ್ತಿದ್ದುದು ಪ್ರದರ್ಶನ ಫಲಕವನ್ನು. ಶಾಂತಿಕಾಲದಲ್ಲಿ ಈ ಕೋಶಗಳು ಫಲಕವನ್ನು ಮಡಿಸಿಟ್ಟುಕೊಂಡಿರುತ್ತವೆ. ಉರಿಯೂತ ಬಂದಾಗ ಮಾತ್ರ ಬಿಚ್ಚುತ್ತವೆ. ಮನೆ ಖಾಲಿಯಿರಲಿಲ್ಲ, ಕಾವಲುಗಾರ ದೀಪ ಹಚ್ಚಿರಲಿಲ್ಲ, ಅಷ್ಟೆ.

ನಾಯಿಯ ಕಣ್ಣೀರು, ಇಲಿಯ ಸಾಕ್ಷ್ಯ

ಚಿಕಿತ್ಸೆಯ ಕಡೆಯಿಂದಲೂ ಒಂದು ಸುಳಿವು ಬಂತು, ಅದೂ ಪಶುವೈದ್ಯರಿಂದ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಔಷಧ ಕಂಪನಿಯಲ್ಲಿ ಒಂದು ವಿಚಿತ್ರ ರೂಢಿಯಿತ್ತು. ರಜೆಯಲ್ಲಿ ಎಲ್ಲಿಗೇ ಹೋದರೂ ನೌಕರರು ಅಲ್ಲಿಯ ಹಿಡಿ ಮಣ್ಣು ತರಬೇಕು. 1969ರಲ್ಲಿ ನಾರ್ವೆಯ ಪ್ರಸ್ಥಭೂಮಿಯೊಂದರಿಂದ ಹಾಗೆ ಬಂದ ಮಣ್ಣಿನ ಶಿಲೀಂಧ್ರದಿಂದ ಸೈಕ್ಲೊಸ್ಪೊರಿನ್ ಎಂಬ ವಸ್ತು ದೊರೆಯಿತು. ಅದು ಟಿ-ಕೋಶಗಳ ಅಬ್ಬರವನ್ನು ತಗ್ಗಿಸುತ್ತದೆಂದು ಜಾನ್ ಬೊರೆಲ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಮೂತ್ರಪಿಂಡ, ಹೃದಯಗಳ ಕಸಿಗೆ ಅದು ವರವಾಯಿತು.

ಅಮೆರಿಕದ ಜಾರ್ಜಿಯ ವಿಶ್ವವಿದ್ಯಾಲಯದ ಪಶು ನೇತ್ರತಜ್ಞೆ ರೆನೀ ಕ್ಯಾಸ್ವಾನ್ ಅವರ ಬಳಿಗೆ ಕಣ್ಣು ಒಣಗಿದ ನಾಯಿಗಳು ಬರುತ್ತಿದ್ದವು. ನಾಯಿಗಳಲ್ಲಿ ಈ ಕಾಯಿಲೆ ಅಪರೂಪವಲ್ಲ. ಇದು ಸ್ವಪ್ರತಿರಕ್ಷಾ ರೋಗವಾಗಿದ್ದರೆ ಸೈಕ್ಲೊಸ್ಪೊರಿನ್ ತೊಟ್ಟು ಕೆಲಸ ಮಾಡಬೇಕಲ್ಲವೇ ಎಂದು ಅವರು 1980ರ ದಶಕದಲ್ಲಿ ಪ್ರಯೋಗಿಸಿದರು. ನಾಯಿಗಳ ಕಣ್ಣಲ್ಲಿ ನೀರು ಬಂತು! ಆ ತೊಟ್ಟಿನಲ್ಲಿ ಕಣ್ಣೀರಿಗೆ ಬದಲಿಯಾದುದೇನೂ ಇರಲಿಲ್ಲ. ಬಿಳಿಕಣಗಳನ್ನು ಸುಮ್ಮನಾಗಿಸುವ ಔಷಧ ಮಾತ್ರ ಇತ್ತು. ತಡೆ ಸರಿದಾಗ ಗ್ರಂಥಿ ತಾನಾಗಿಯೇ ಸ್ರವಿಸಿತು. ನಾಯಿಗಳಿಗೆ ಈ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲೂ ಮನುಷ್ಯರಿಗೆ 2002ರ ಕೊನೆಯಲ್ಲೂ ಅನುಮತಿ ದೊರೆಯಿತು.

ಆದರೂ ವಿಮರ್ಶಕರು ಒಂದು ಪ್ರಶ್ನೆ ಕೇಳಬಹುದಿತ್ತು. ಬಿಳಿಕಣಗಳು ಒಣಗಣ್ಣಿನ ಕಾರಣವೋ ಪರಿಣಾಮವೋ? ಬೆಂಕಿ ಬಿದ್ದಲ್ಲೆಲ್ಲ ಅಗ್ನಿಶಾಮಕ ದಳ ಕಾಣುತ್ತದೆಂದು ಅವರೇ ಬೆಂಕಿ ಹಚ್ಚಿದರೆನ್ನಲಾಗದು. ಇದಕ್ಕೆ ಉತ್ತರ ಕೊಟ್ಟ ಪ್ರಯೋಗ ನನ್ನ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ಅತ್ಯಂತ ಸೊಗಸಾದ ಭಾಗ. ಜೆರ್ರಿ ನೀಡರ್‌ಕಾರ್ನ್, ಮೈಕೇಲ್ ಸ್ಟರ್ನ್, ಸ್ಟೀಫನ್ ಫ್ಲುಗ್‌ಫೆಲ್ಡರ್ ಮೊದಲಾದವರು ಅದನ್ನು 2006ರಲ್ಲಿ ಪ್ರಕಟಿಸಿದರು. ಅವರು ಕೆಲವು ಇಲಿಗಳನ್ನು ಒಣಹವೆಯಲ್ಲಿ, ಬೀಸುವ ಗಾಳಿಯಲ್ಲಿ ಇಟ್ಟು, ಕಣ್ಣೀರು ಕುಗ್ಗಿಸುವ ಔಷಧವನ್ನೂ ಕೊಟ್ಟರು. ಅವುಗಳಿಗೆ ಒಣಗಣ್ಣು ಬಂತು. ಆಮೇಲೆ ಆ ಇಲಿಗಳ ದೇಹದಿಂದ ಸಿಡಿ-4 ಎಂಬ ಗುರುತಿರುವ ಟಿ-ಕೋಶಗಳನ್ನು ಮಾತ್ರ ಬೇರ್ಪಡಿಸಿ, ಬೇರೆ ಇಲಿಗಳಿಗೆ ಚುಚ್ಚಿದರು. ಈ ಎರಡನೆಯ ಇಲಿಗಳಿಗೆ ಹುಟ್ಟಿನಿಂದಲೇ ಸ್ವಂತ ಟಿ-ಕೋಶಗಳಿಲ್ಲ. ಅವು ಒಣಗಾಳಿಯನ್ನು ಕಂಡೇ ಇರಲಿಲ್ಲ. ಮಾಮೂಲಿ ಪಂಜರದಲ್ಲಿ ಹಾಯಾಗಿದ್ದವು. ಆದರೂ ಅವುಗಳ ಅಶ್ರುಗ್ರಂಥಿಯಲ್ಲಿ, ಕಣ್ಣಿನ ಮೇಲ್ಮೈಯಲ್ಲಿ ಉರಿಯೂತ ಕಾಣಿಸಿಕೊಂಡಿತು, ಕಣ್ಣೀರು ಕುಗ್ಗಿತು. ಗಾಳಿಯಿಲ್ಲದೆ, ಒಣಗುವಿಕೆಯಿಲ್ಲದೆ, ಕೇವಲ ಜೀವಕೋಶಗಳ ಮೂಲಕ ಕಾಯಿಲೆ ದಾಟಿತ್ತು. ಒಣಗಿದ ನೆನಪನ್ನು ಆ ಕೋಶಗಳು ಹೊತ್ತು ತಂದಿದ್ದವು ಎನ್ನಬಹುದು.

2007ರಲ್ಲಿ ಅಂತರರಾಷ್ಟ್ರೀಯ ತಜ್ಞರ ಕಾರ್ಯಾಗಾರವೊಂದು ಒಣಗಣ್ಣಿನ ವ್ಯಾಖ್ಯೆಯನ್ನು ಹೊಸದಾಗಿ ಬರೆದಾಗ ಕಣ್ಣೀರಿನ ಹೆಚ್ಚಿದ ಸಾಂದ್ರತೆಯೂ ಉರಿಯೂತವೂ ಅದರೊಳಗೆ ಬಂದವು.

ಉಪ್ಪಿನಿಂದ ಉರಿಗೆ

ಈಗ ಎರಡೂ ಅರ್ಧಗಳನ್ನು ಜೋಡಿಸೋಣ. ನಾವು ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ರೆಪ್ಪೆ ಮಿಟುಕಿಸುತ್ತೇವೆ. ಪರದೆ ನೋಡುವಾಗ ಇದು ಬಹಳ ಕಡಿಮೆಯಾಗುತ್ತದೆ. ಎಣ್ಣೆ ಪದರ ಹರಿದ ಜಾಗದಲ್ಲಿ ಕಣ್ಣೀರಿನ ಪೊರೆ ನಿಮಿಷಕ್ಕೆ 10 ಮೈಕ್ರಾನ್ ವೇಗದಲ್ಲಿ ತೆಳುವಾಗುತ್ತದೆಂದು ಇಟ್ಟುಕೊಳ್ಳಿ. ಹತ್ತು ಸೆಕೆಂಡು ರೆಪ್ಪೆ ಮುಚ್ಚದಿದ್ದರೆ ಸುಮಾರು 1.7 ಮೈಕ್ರಾನ್ ಹೋಯಿತು. 3ರಲ್ಲಿ ಉಳಿದದ್ದು 1.3. ನೀರು ಹೋದರೂ ಉಪ್ಪು ಅಲ್ಲೇ ಇದೆ. ಸಾಮಾನ್ಯವಾಗಿ ಲೀಟರಿಗೆ ಸುಮಾರು 300 ಮಿಲಿಆಸ್ಮೋಲ್ ಇರುವ ಸಾಂದ್ರತೆ ಆ ಪುಟ್ಟ ಜಾಗದಲ್ಲಿ 680ರ ಆಸುಪಾಸಿಗೆ ಏರುತ್ತದೆ. ಒಳಗಿನ ಜೀವಕೋಶಗಳಿಂದ ಅಭಿಸರಣೆಯ ಮೂಲಕ ಸ್ವಲ್ಪ ನೀರು ಬರುವುದರಿಂದ ವಾಸ್ತವ ಸಂಖ್ಯೆ ಕೊಂಚ ಕಡಿಮೆಯಿರಬಹುದು. ಆದರೆ ಹಾಗೆ ನೀರು ಕೊಟ್ಟ ಜೀವಕೋಶ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಹೋಳಿನಂತೆ ಸೊರಗುತ್ತದೆ.

ಉಪ್ಪಿನಕಾಯಿ ದೂರು ಕೊಡುವುದಿಲ್ಲ. ಜೀವಂತ ಕೋಶ ಕೊಡುತ್ತದೆ. ಸೊರಗಿದ ಮೇಲ್ಮೈ ಕೋಶಗಳು ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಮುಂತಾದ ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಕವಲುಕೋಶಗಳು ಎಚ್ಚರಗೊಂಡು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಸುದ್ದಿ ಒಯ್ಯುತ್ತವೆ. ಅಲ್ಲಿ ತರಬೇತಾದ ಟಿ-ಕೋಶಗಳು ರಕ್ತದ ಮೂಲಕ ಕಣ್ಣಿಗೆ ಬರುತ್ತವೆ. ಇಳಿಯುವ ನಿಲ್ದಾಣ ಅವುಗಳಿಗೆ ಹೇಗೆ ತಿಳಿಯುತ್ತದೆ? ಉರಿಯೂತವಿರುವ ಜಾಗದ ರಕ್ತನಾಳಗಳ ಒಳಗೋಡೆಯ ಮೇಲೆ ಐಕ್ಯಾಮ್-1 ಎಂಬ ಕೊಕ್ಕೆಗಳು ಏಳುತ್ತವೆ. ಟಿ-ಕೋಶದ ಮೈಮೇಲಿನ ಕುಣಿಕೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲಿಫಿಟೆಗ್ರಾಸ್ಟ್ ಎಂಬ ಔಷಧ ಈ ಕೊಕ್ಕೆ-ಕುಣಿಕೆಯ ನಡುವೆ ಸೇರಿಕೊಂಡು ಹಿಡಿತ ತಪ್ಪಿಸುತ್ತದೆ.

ಬಂದ ಟಿ-ಕೋಶಗಳಲ್ಲಿ ಒಂದು ಬಗೆಯವು ಇಂಟರ್‌ಫೆರಾನ್-ಗಾಮಾ ಸುರಿಸಿ ಲೋಳೆ ಒದಗಿಸುವ ಗಾಬ್ಲೆಟ್ ಕೋಶಗಳನ್ನು ಹಾಳುಮಾಡುತ್ತವೆ. ಟಿಎಚ್-17 ಎಂಬ ಇನ್ನೊಂದು ಬಗೆಯವು ಇಂಟರ್‌ಲ್ಯೂಕಿನ್-17 ಹೊರಡಿಸುತ್ತವೆ. ಅದರ ಪ್ರಚೋದನೆಯಿಂದ ಎಂಎಂಪಿ-9 ಎಂಬ ಕಿಣ್ವ ಹೆಚ್ಚಿ, ಕಾರ್ನಿಯದ ಮೇಲ್ಮೈ ಕೋಶಗಳನ್ನು ಬೆಸೆದಿರುವ ಗಾರೆಯನ್ನು ಕತ್ತರಿಸುತ್ತದೆ. ಇವನ್ನು ಹದ್ದುಬಸ್ತಿನಲ್ಲಿಡಬೇಕಾದ ನಿಯಂತ್ರಕ ಟಿ-ಕೋಶಗಳ ಹಿಡಿತ ಸಡಿಲವಾಗಿರುತ್ತದೆ. ಸೂಕ್ಷ್ಮಜೀವಿಗಳನ್ನು ನುಂಗುವ ನ್ಯೂಟ್ರೊಫಿಲ್‌ಗಳು ತಮ್ಮದೇ ಡಿಎನ್‌ಎ ಎಳೆಗಳನ್ನು ಬಲೆಯಂತೆ ಎಸೆಯುತ್ತವೆ. ಶತ್ರು ಇಲ್ಲದಿರುವಾಗ ಆ ಬಲೆ ರೆಪ್ಪೆಯಂಚಿನ ಎಣ್ಣೆಗ್ರಂಥಿಯ ಬಾಯಿಯನ್ನೇ ಮುಚ್ಚಬಲ್ಲದೆಂದು ಜರ್ಮನಿಯ ಸಂಶೋಧಕರು ತೋರಿಸಿದರು. ಲೋಳೆ ಹೋಯಿತು, ಗಾರೆ ಬಿರಿಯಿತು, ಎಣ್ಣೆ ನಿಂತಿತು. ಪೊರೆ ಇನ್ನೂ ಬೇಗ ಹರಿಯುತ್ತದೆ, ಉಪ್ಪು ಇನ್ನೂ ಏರುತ್ತದೆ, ಮತ್ತೆ ದೂರು, ಮತ್ತೆ ಸೈನ್ಯ. ಈ ಸುಳಿ ಒಮ್ಮೆ ತಿರುಗತೊಡಗಿದರೆ ಒಲೆಯ ಮುಂದಿನಿಂದ ಎದ್ದುಬಂದರೂ, ಕಂಪ್ಯೂಟರ್ ಮುಚ್ಚಿಟ್ಟರೂ ಅದು ನಿಲ್ಲಬೇಕೆಂದಿಲ್ಲ.

ಬೆಂಗಳೂರಿನಲ್ಲಿ ಕಣ್ಣು ತೊಳೆದ ನೀರು

ಇಷ್ಟೆಲ್ಲ ತಿಳಿದದ್ದು ಬಹುಮಟ್ಟಿಗೆ ಇಲಿಗಳಿಂದ. ಮನುಷ್ಯರ ಕಣ್ಣಿನ ಮೇಲೆ ಯಾವ ಕೋಶಗಳು ಎಷ್ಟಿವೆ ಎಂದು ಎಣಿಸುವುದು ಹೇಗೆ? ಪ್ರತಿಯೊಬ್ಬ ರೋಗಿಯ ಕಣ್ಣಿನಿಂದ ತುಣುಕು ಕತ್ತರಿಸಲಾಗದು. ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ನಮ್ಮವರೂ ಇದ್ದಾರೆ. ಡಾ. ಕೆ. ಭುಜಂಗ ಶೆಟ್ಟಿಯವರು 1982ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯದ ಸಂಶೋಧನಾ ವಿಭಾಗದಲ್ಲಿ ರೋಹಿತ್ ಶೆಟ್ಟಿ, ಅರ್ಕಸುಭ್ರ ಘೋಷ್, ಸ್ವಾಮಿನಾಥನ್ ಸೇತು ಮೊದಲಾದವರು ಕಣ್ಣಿನ ಮೇಲ್ಮೈಯನ್ನು ಲವಣದ್ರಾವಣದಿಂದ ಮೆಲ್ಲನೆ ತೊಳೆದು, ಆ ನೀರಿನಲ್ಲಿ ಬಂದ ಕೋಶಗಳನ್ನು ಎಣಿಸಿದರು.

ಎಣಿಸುವ ಯಂತ್ರ ಅಪ್ಪಟ ಭೌತಶಾಸ್ತ್ರ. ಪ್ರತಿಯೊಂದು ಬಗೆಯ ಕೋಶಕ್ಕೂ ಅಂಟುವ ಪ್ರತಿಕಾಯಗಳಿಗೆ ಬೇರೆ ಬೇರೆ ಪ್ರತಿದೀಪ್ತಿ ಬಣ್ಣ ಕಟ್ಟುತ್ತಾರೆ. ಕೋಶಗಳು ದ್ರವದ ಸಣ್ಣ ಧಾರೆಯಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ ಲೇಸರ್ ಕಿರಣವನ್ನು ಹಾಯುತ್ತವೆ. ಚದುರಿದ ಬೆಳಕಿನಿಂದ ಅವುಗಳ ಗಾತ್ರವೂ ಹೊಮ್ಮಿದ ಬಣ್ಣದಿಂದ ಅವುಗಳ ಜಾತಿಯೂ ತಿಳಿಯುತ್ತವೆ. ಸೆಕೆಂಡಿಗೆ ಸಾವಿರಾರು ಕೋಶಗಳನ್ನು ಹೀಗೆ ಗುರುತಿಸಬಹುದು. ಇದರ ಪೂರ್ವಜನನ್ನು 1965ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ ಮ್ಯಾಕ್ ಫುಲ್ವೈಲರ್ ರೂಪಿಸಿದರು. ಶಾಯಿಯ ತೊಟ್ಟುಗಳಿಗೆ ವಿದ್ಯುದಾವೇಶ ಕೊಟ್ಟು ಬೇಕಾದಲ್ಲಿಗೆ ತಿರುಗಿಸುವ ತಂತ್ರವನ್ನು ಅವರು ಜೀವಕೋಶಗಳಿಗೆ ಅಳವಡಿಸಿದರು. ಅಣುಬಾಂಬಿಗೆ ಹೆಸರಾದ ಆ ಪ್ರಯೋಗಾಲಯ ಕೊಟ್ಟ ಒಳ್ಳೆಯ ಕೊಡುಗೆಗಳಲ್ಲಿ ಇದೊಂದು.

2021ರಲ್ಲಿ ಬೆಂಗಳೂರಿನ ತಂಡ 'ದಿ ಆಕ್ಯುಲರ್ ಸರ್ಫೇಸ್' ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಣಗಣ್ಣಿನವರ ಕಣ್ಣಿನ ಮೇಲ್ಮೈಯಲ್ಲಿ ಪ್ರತಿರಕ್ಷಾ ಕೋಶಗಳ ಬಗೆಗಳ ಪ್ರಮಾಣ ಆರೋಗ್ಯವಂತರದಕ್ಕಿಂತ ಬೇರೆಯೇ ಆಗಿತ್ತು. ಕಣ್ಣೀರಿನ ಪ್ರೋಟೀನುಗಳನ್ನು ಅಳೆಯಲು ಈ ಪ್ರಯೋಗಾಲಯ ಬಳಸುವುದು ಶಿರ್ಮರನ ಅದೇ ಸೋಸುಕಾಗದ. ಎಷ್ಟು ಒದ್ದೆಯಾಯಿತೆಂದು ನೋಡಿ ಎಸೆಯುತ್ತಿದ್ದ ಪಟ್ಟಿಯಿಂದ ಈಗ ಇಂಟರ್‌ಲ್ಯೂಕಿನ್‌ಗಳನ್ನು, ಎಂಎಂಪಿ-9 ಕಿಣ್ವವನ್ನು ಹಿಂಡಿ ತೆಗೆಯುತ್ತಾರೆ!

ರೋಗಿಗಳ ಪಾಲಿಗೆ ಇದರಿಂದ ಏನು ಪ್ರಯೋಜನ? ಇಂದು ಒಣಗಣ್ಣಿನವರಿಗೆ ಸಾಮಾನ್ಯವಾಗಿ ಸಿಗುವುದು ಕೃತಕ ಕಣ್ಣೀರು. ಸುಳಿ ಇನ್ನೂ ಆರಂಭವಾಗಿರದಿದ್ದರೆ ಅಷ್ಟೇ ಸಾಕು. ಆರಂಭವಾಗಿದ್ದರೆ ಅದು ಕೆಲವು ನಿಮಿಷ ಉಪ್ಪನ್ನು ತೆಳುವಾಗಿಸುತ್ತದೆ, ಸೈನ್ಯವನ್ನು ಹಿಂದೆಗೆಸುವುದಿಲ್ಲ. ಸೈಕ್ಲೊಸ್ಪೊರಿನ್ ಪರಿಣಾಮ ಕಾಣಲು ವಾರಗಟ್ಟಲೆ ಬೇಕು. ತಾಳ್ಮೆಗೆಟ್ಟು ನಡುವೆಯೇ ಬಿಟ್ಟುಬಿಡುವವರು ಬಹಳ. ಸ್ಟೀರಾಯ್ಡ್ ತೊಟ್ಟು ಒಂದೆರಡು ದಿನದಲ್ಲೇ ಕೆಂಪನ್ನು ಅಳಿಸುತ್ತದೆ. ಆದ್ದರಿಂದಲೇ ಅದು ಅಪಾಯಕಾರಿ. ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒಳಒತ್ತಡ ಏರಿ ಗ್ಲಾಕೋಮ ಬರಬಹುದು, ಪೊರೆಯೂ ಬೆಳೆಯಬಹುದು. ಉರಿ ಹೋಗಿ ದೃಷ್ಟಿಯೇ ಹೋದಂತೆ. ನಂದಿಬಟ್ಟಲಿನ ರಸವಾಗಲಿ ಎದೆಹಾಲಾಗಲಿ ಗಾರೆ ಬಿರಿದ ಕಾರ್ನಿಯದ ಮೇಲೆ ಬಿದ್ದರೆ ಸೋಂಕಿಗೆ ದಾರಿಯಾಗಬಲ್ಲದು. ಒಲೆ ಕಾಯುವವರು ಗಾಳಿಯ ಎದುರು ದಿಕ್ಕಿನಲ್ಲಿ ಕೂರದಿರುವುದು, ಪಕ್ಕ ಮುಚ್ಚಿದ ಕನ್ನಡಕ ಹಾಕುವುದು, ಪರದೆಯ ಮುಂದಿನವರು ಬೇಕೆಂದೇ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯುವುದು ಇವೆಲ್ಲ ಸುಳಿ ಆರಂಭವಾಗದಂತೆ ತಡೆಯುವ ಕ್ರಮಗಳು. ಆರಂಭವಾಗಿದೆಯೋ ಇಲ್ಲವೋ ಎಂದು ಹೇಳಬೇಕಾದವರು ನೇತ್ರವೈದ್ಯರು. ವಾರಗಟ್ಟಲೆ ಉರಿ ಇಳಿಯದಿದ್ದರೆ, ಜೊತೆಗೆ ಬಾಯಿ ಒಣಗಿ ಕೀಲು ನೋಯುತ್ತಿದ್ದರೆ ಷೆಗ್ರೆನ್ನರ ಹತ್ತೊಂಬತ್ತು ಮಹಿಳೆಯರನ್ನು ನೆನಪಿಸಿಕೊಂಡು ತಡಮಾಡದೆ ಹೋಗಬೇಕು.

ಬಿಡಿಸಲಾಗದ ಒಂದು ಗಂಟು ಉಳಿದಿದೆ. ಕೆಲವರಿಗೆ ಪರೀಕ್ಷೆಗಳಲ್ಲಿ ಕಣ್ಣು ಅಷ್ಟೇನೂ ಒಣಗಿರುವುದಿಲ್ಲ, ಯಾತನೆ ಮಾತ್ರ ವಿಪರೀತ. ಇಂಥವರನ್ನು 'ನಿಮಗೇನೂ ಆಗಿಲ್ಲ' ಎಂದು ಕಳಿಸಿಬಿಡುವುದುಂಟು. ಇದೇ ಬೆಂಗಳೂರಿನ ತಂಡ 2016ರಲ್ಲಿ ಅಂಥವರ ಕಣ್ಣೀರನ್ನು ಪರೀಕ್ಷಿಸಿದಾಗ ಉರಿಯೂತ ಸಂದೇಶಗಳ ವಿನ್ಯಾಸವೇ ಬೇರೆಯಾಗಿತ್ತು, ದೇಹದಲ್ಲಿ ಡಿ ಜೀವಸತ್ವವೂ ಕಡಿಮೆಯಿತ್ತು. ಡಿ ಜೀವಸತ್ವದ ಕೊರತೆಯೇ ಕಾರಣವೆಂದು ಇದರಿಂದ ಹೇಳಲು ಬರುವುದಿಲ್ಲ; ಎರಡೂ ಜೊತೆಯಲ್ಲಿ ಕಂಡವು, ಅಷ್ಟೆ. ಕಾರ್ನಿಯದಲ್ಲಿ ನರತುದಿಗಳು ದೇಹದ ಬೇರೆಲ್ಲ ಭಾಗಗಳಿಗಿಂತ ದಟ್ಟವಾಗಿವೆ. ಬಿಳಿಕಣಗಳು ಹೊರಡಿಸುವ ರಾಸಾಯನಿಕಗಳು ಆ ತುದಿಗಳನ್ನು ಹೇಗೆ ಕೆರಳಿಸುತ್ತವೆ, ಕೆರಳಿದ ನರಗಳು ಬಿಳಿಕಣಗಳಿಗೆ ಮರಳಿ ಏನು ಹೇಳುತ್ತವೆ ಎಂಬುದನ್ನು ಈಗ ಹಲವು ಪ್ರಯೋಗಾಲಯಗಳು ಹುಡುಕುತ್ತಿವೆ. ಲ್ಯಾಂಗರ್‌ಹಾನ್ಸ್ ಕವಲುಕೋಶವನ್ನು ನರಕೋಶವೆಂದು ಭಾವಿಸಿದ್ದು ತಪ್ಪೇ ಸರಿ. ಆದರೆ ಸೂಕ್ಷ್ಮದರ್ಶಕದಲ್ಲಿ ಕಾರ್ನಿಯವನ್ನು ನೋಡಿದರೆ ಆ ಎರಡೂ ಒಂದಕ್ಕೊಂದು ಅಂಟಿಕೊಂಡೇ ಕಾಣುತ್ತವೆ.